ಒಂಚೂರು ಆಚೆ ಸರಿ

ನಮ್ಮ ಮನೆಗೆ ಇರುವುದು ಒಂದೇ ಕಂಪ್ಯೂಟರ್. ಶಿರಸಿಯಿಂದ ಕುಮಟಾ ಕಡೆಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು, ಕಾಡಿನ ದಾರಿ ಹಿಡಿದು ಒಳಗೆ ನಡೆದರೆ ಸಿಗುವ ಹಳ್ಳಿ ನಮ್ಮದು. ಕಂಪ್ಯೂಟರ್ ಜಗಲಿಯ ಮೂಲೆಯಲ್ಲಿದೆ, ಅಪ್ಪಯ್ಯನ ಕಪಾಟಿನ ಪಕ್ಕ. ಬೆಳಿಗ್ಗೆ ಅಣ್ಣ ಅದರಲ್ಲಿ ಬ್ಯಾಂಕಿನ ಕೆಲಸ ಮುಗಿಸುತ್ತಾನೆ. ಮಧ್ಯಾಹ್ನ ಆಯಿ ತಾಳಮದ್ದಳೆ, ಅಂದರೆ ಕೂತು ಮಾತು-ಹಾಡಿನಲ್ಲೇ ನಡೆಸುವ ಯಕ್ಷಗಾನ, ಹಾಕಿಕೊಂಡು ಬತ್ತಿ ಹೊಸೆಯುತ್ತಾಳೆ. ಸಂಜೆ ಅಪ್ಪಯ್ಯ ಅಡಿಕೆ ದರ ನೋಡುತ್ತಾನೆ. ಫೋನಿನಲ್ಲೇ ನೋಡಬಹುದಲ್ವಾ ಅಂದರೆ, ಮನೆಯೊಳಗೆ ಸಿಗ್ನಲ್ ಇಲ್ಲ. ಇದ್ದರೂ ಆ ಸಣ್ಣ ಅಕ್ಷರ ಅವನ ಕಣ್ಣಿಗೆ ಹತ್ತುವುದಿಲ್ಲ. 2021ರಲ್ಲಿ ಇಷ್ಟರ ಮೇಲೆ ಅಣ್ಣನ ಮಗಳ ಆನ್‌ಲೈನ್ ಕ್ಲಾಸೂ ಅದೇ ಕಂಪ್ಯೂಟರಿಗೆ ಬಂತು. ನನ್ನ ಆಫೀಸಿನ ಲ್ಯಾಪ್‌ಟಾಪ್ ಬೇರೆ. ಅದನ್ನು ಮನೆಯವರ ಕೈಗೆ ಕೊಡುವ ಹಾಗಿರಲಿಲ್ಲ.

ಇಷ್ಟು ಜನರ ಕಂಪ್ಯೂಟರಿಗೆ ನಾನು ಒಂದು ಆಟ ಬರೆದೆ. ಆಟ ಬರೆಯಲು ಹಿಡಿದದ್ದು ಒಂದು ವರ್ಷ. ಅದು ಮನೆಯ ಉಳಿದ ಕೆಲಸಗಳ ಜೊತೆ ಹೊಂದಿಕೊಂಡು ಇರುವ ಹಾಗೆ ಮಾಡಲು ಮತ್ತೆ ಎಂಟು ತಿಂಗಳು ಬೇಕಾಯಿತು. ಈ ಎಂಟು ತಿಂಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಆಟದ ಹೆಸರು ‘ಕೊನೆಗೌಡ’. ಅಡಿಕೆ ಕೊಯ್ಲು ನೋಡಿದವರಿಗೆ ಬೇರೆ ವಿವರಣೆ ಬೇಡ. ಕೊನೆಗೌಡ ಒಮ್ಮೆ ಮರ ಹತ್ತಿದರೆ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮೇಲಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾನೆ. ಕೊಯ್ದ ಕೊನೆಯನ್ನು, ಅಂದರೆ ಅಡಿಕೆ ಗೊಂಚಲನ್ನು, ಹಗ್ಗದ ಮೇಲೆ ಜಾರಿಸಿ ಬಿಡುತ್ತಾನೆ. ಕೆಳಗೆ ಆ ಹಗ್ಗ ಹಿಡಿದವರು ಅದನ್ನು ಇಳಿಸಿಕೊಳ್ಳುತ್ತಾರೆ. ನನ್ನ ಆಟದಲ್ಲಿ ಗಾಳಿಗೆ ಮರ ತೂಗುತ್ತದೆ. ಎರಡು ಮರ ಹತ್ತಿರ ಬಂದ ಕ್ಷಣ ನೋಡಿ ದಾಟಬೇಕು. ತೋಟ ಮುಗಿದ ಮೇಲೆ ಅಂಗಳದಲ್ಲಿ ಅಡಿಕೆ ಹರವಬೇಕು, ಮೋಡ ಕಂಡರೆ ಓಡಿ ಎತ್ತಬೇಕು. 2019ರಲ್ಲಿ ಬೆಂಗಳೂರಿನ ರೂಮಿನಲ್ಲಿ, ಊರು ನೆನಪಾದಾಗಲೆಲ್ಲ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಮತ್ತು ಅದರಲ್ಲಿ ಆಟ ಬರೆಯಲು ಇರುವ ಪೈಗೇಮ್ ಹಿಡಿದು ಒಂದಿಷ್ಟು ಬರೆಯುತ್ತಿದ್ದೆ. ಲಾಕ್‌ಡೌನ್‌ನಲ್ಲಿ ಮನೆಗೆ ಬಂದ ಮೇಲೆ ಮುಗಿಸಿದೆ. ಅಣ್ಣನ ಮಗಳಿಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ಎಲ್ಲರೂ ಪುಟ್ಟಿ ಅನ್ನುತ್ತೇವೆ. ಅವಳಿಗೆ ಆಟ ತುಂಬಾ ಹಿಡಿಸಿತು.

2021ರ ಜೂನ್ ಕೊನೆಯ ಒಂದು ಸಂಜೆ. ಹೊರಗೆ ಜಡಿಮಳೆ. ಪುಟ್ಟಿ ಆಡುತ್ತಿದ್ದಳು. ಮೊದಲ ತೋಟ ಮುಗಿದು ಎರಡನೆಯದು ಬರುವ ಹೊತ್ತು. ಅಪ್ಪಯ್ಯ ಕವಳ ಹಾಕಿಕೊಂಡು ಬಂದು ನಿಂತ.

‘ತಂಗೀ, ಅದ್ನ ಒಂಚೂರು ಆಚೆ ಸರಸು. ಇವತ್ತಿನ ರಾಶಿ ದರ ನೋಡವು.’

ಇನ್ನೊಂದು ವಿಂಡೋಗೆ ಹೋಗಲು ನಾನು ಆಲ್ಟ್ ಮತ್ತು ಟ್ಯಾಬ್ ಒತ್ತಿದೆ. ಪರದೆ ಕಪ್ಪಾಯಿತು. ‘ಅತ್ತೇ, ತೋಟ ಎಲ್ಲಾ ಕಪ್ಪಾಗೋತು!’ ಅಂತ ಪುಟ್ಟಿ ಕೂಗಿದಳು. ಮತ್ತೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಪರದೆ ಒಮ್ಮೆ ಮಿನುಗಿ ಮತ್ತೆ ಕಪ್ಪಾಯಿತು. ಯಾವ ಪ್ರೋಗ್ರಾಂ ಏನು ಮಾಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ಕರೆದರೆ ಅದು ಆ ಕಪ್ಪಿನ ಹಿಂದೆಲ್ಲೋ ತೆರೆದುಕೊಂಡಿತು. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿದೆ.

ಆರಿದ ಮೇಲೆ ಅಪ್ಪಯ್ಯ ಮೆಲ್ಲಗೆ ಕೇಳಿದ. ‘ನಾ ಬರದಿಟ್ಟಿದ್ದು ಇರ್ತು ಅಲ್ದಾ?’

ಇರಲಿಲ್ಲ. ಆಟದ ಹಿಂದೆ ‘ನುಡಿ’ ಎಂಬ ಕನ್ನಡ ಬರಹದ ತಂತ್ರಾಂಶದಲ್ಲಿ ಅವನ ವರದಿ ತೆರೆದೇ ಇತ್ತು. ಊರ ದೇವಸ್ಥಾನದ ವಾರ್ಷಿಕ ಸಭೆಯದ್ದು. ಒಂದೊಂದೇ ಕೀಲಿ ಹುಡುಕಿ, ಮೂರು ದಿನದಿಂದ ಕುಟ್ಟುತ್ತಿದ್ದ. ಅವತ್ತಿನ ಎರಡು ಪುಟ ಉಳಿಸಿರಲಿಲ್ಲ. ಅವನು ಒಂದು ಮಾತೂ ಬೈಯಲಿಲ್ಲ. ಕಪಾಟಿನಿಂದ ಬಿಳಿ ಹಾಳೆ ತೆಗೆದು, ನೆನಪಿದ್ದಷ್ಟನ್ನು ಪೆನ್ನಿನಲ್ಲಿ ಬರೆಯಲು ಕೂತ. ಅದನ್ನು ನೋಡುತ್ತಾ ಅಲ್ಲಿ ನಿಲ್ಲಲು ನನಗೆ ಆಗಲಿಲ್ಲ. ಆಟ ತಾನೊಂದೇ ಕೆಟ್ಟಿದ್ದರೆ ಬೇರೆ ಮಾತು. ಇಲ್ಲಿ ಅದು ಇನ್ನೊಬ್ಬರ ಮೂರು ದಿನದ ಶ್ರಮಕ್ಕೆ ಕೈ ಹಾಕಿತ್ತು. ಕಂಪ್ಯೂಟರಿನಲ್ಲಿ ಆಟದ ಹಿಂದೆ ಬೇರೆ ಕೆಲಸವೂ ಇರುತ್ತದೆ ಎನ್ನುವುದನ್ನು ನಾನು ಆ ಒಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಆ ರಾತ್ರಿಯೇ ಕೋಡ್ ತೆರೆದೆ. ಕಾರಣ ಹುಡುಕಲು ಎರಡು ದಿನ ಬೇಕಾಯಿತು. ತೋಟ ಬದಲಾಗುವಾಗ ಮರ, ನೆರಳು, ಗಾಳಿಯ ಸದ್ದು ಎಲ್ಲವನ್ನೂ ನನ್ನ ಪ್ರೋಗ್ರಾಂ ಒಂದೇ ಉಸಿರಿಗೆ ತಯಾರು ಮಾಡುತ್ತಿತ್ತು. ನಮ್ಮ ಹಳೇ ಮಷಿನ್‌ನಲ್ಲಿ ಅದಕ್ಕೆ 11 ಸೆಕೆಂಡ್. ಅಷ್ಟು ಹೊತ್ತು ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ವಿಂಡೋಸ್ ಪ್ರತಿ ಪ್ರೋಗ್ರಾಂಗೂ ಸಂದೇಶ ಕಳಿಸುತ್ತಲೇ ಇರುತ್ತದೆ. ಕೀಲಿ ಒತ್ತಿದರು, ಮೌಸ್ ಸರಿಯಿತು, ನಿನ್ನ ವಿಂಡೋ ಹಿಂದೆ ಹೋಯಿತು, ಹೀಗೆ. 5 ಸೆಕೆಂಡ್ ಓಗೊಡದಿದ್ದರೆ ‘ನಾಟ್ ರೆಸ್ಪಾಂಡಿಂಗ್’ ಎಂದು ತೀರ್ಮಾನಿಸುತ್ತದೆ. ನನ್ನ ಆಟ ಆ ಸ್ಥಿತಿಯಲ್ಲಿ ಪೂರ್ತಿ ಪರದೆ ಹಿಡಿದುಕೊಂಡು ಕೂತಿತ್ತು. ಅದರ ಮೇಲೆ ನಾನು ಗಾಬರಿಯಲ್ಲಿ ಕೀಲಿ ಒತ್ತುತ್ತಾ ಹೋದೆ.

ಇದನ್ನು ಸರಿಮಾಡುವುದು ಕಷ್ಟವಿರಲಿಲ್ಲ. ಒಂದು ಮರ ತಯಾರಾದ ಕೂಡಲೇ ಒಮ್ಮೆ ತಿರುಗಿ ಸಂದೇಶ ನೋಡು, ಆಮೇಲೆ ಇನ್ನೊಂದು ಮರ. ಒಟ್ಟು ಸಮಯ 11 ಸೆಕೆಂಡ್ ಇದ್ದದ್ದು 12 ಆಯಿತು. ಆದರೆ ನಡುವೆ ಯಾವಾಗ ಕರೆದರೂ ಆಟ ಓಗೊಡುತ್ತಿತ್ತು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಅಪ್ಪಯ್ಯ ಇನ್ನೊಂದು ತೋರಿಸಿದ. ಆಟ ಮುಚ್ಚಿದ ಮೇಲೆ ಅವನ ಡೆಸ್ಕ್‌ಟಾಪಿನ ಐಕಾನ್‌ಗಳೆಲ್ಲ ಜಾಗ ಬದಲಿಸಿರುತ್ತಿದ್ದವು. ದರದ ಪಟ್ಟಿಯ ವಿಂಡೋ ಸಣ್ಣದಾಗಿ ಮೂಲೆಗೆ ಸೇರಿರುತ್ತಿತ್ತು. ಇದು ಇಷ್ಟು ದಿನ ಆಗುತ್ತಿತ್ತಂತೆ. ಅವನು ದಿನಾ ಒಂದೊಂದನ್ನೂ ಎಳೆದು ಮೊದಲಿನ ಜಾಗಕ್ಕೆ ಇಡುತ್ತಿದ್ದನಂತೆ, ಒಂದು ದಿನವೂ ನನಗೆ ಹೇಳಿರಲಿಲ್ಲ. ಕಾರಣ ಇಷ್ಟೇ. ನಮ್ಮ ಮಾನಿಟರ್ 1920x1080. ನಾನು ಆಟವನ್ನು 1024x768ಕ್ಕೆ ಬರೆದಿದ್ದೆ. ಆಟ ತೆರೆದಾಗ ಮಾನಿಟರನ್ನೇ ಆ ಅಳತೆಗೆ ಇಳಿಸುತ್ತಿತ್ತು. ಹಿಂದೆ ಇದ್ದ ವಿಂಡೋಗಳು ಆ ಸಣ್ಣ ಅಳತೆಗೆ ಮುದುಡಿಕೊಳ್ಳುತ್ತಿದ್ದವು.

ನಾನು ಬಳಸುತ್ತಿದ್ದದ್ದು ಪೈಗೇಮ್‌ನ ಹಳೇ ಆವೃತ್ತಿ. 2020ರ ಅಕ್ಟೋಬರ್‌ನಲ್ಲಿ ಪೈಗೇಮ್ 2 ಬಂದಿತ್ತು. ಅದರಲ್ಲಿ ‘ಸ್ಕೇಲ್ಡ್’ ಎಂಬ ಆಯ್ಕೆ ಇದೆ. ಮಾನಿಟರಿನ ಅಳತೆಯನ್ನು ಮುಟ್ಟುವುದಿಲ್ಲ, ಆಟದ ಚಿತ್ರವನ್ನೇ ಪರದೆಯಷ್ಟು ಹಿಗ್ಗಿಸುತ್ತದೆ. ಹೊಸದಕ್ಕೆ ಬದಲಾಯಿಸಿ, ಅಲ್ಲಲ್ಲಿ ಮುರಿದದ್ದನ್ನು ಕಟ್ಟಿ ನಿಲ್ಲಿಸಲು ಎರಡು ವಾರ ಹೋಯಿತು. ಈಗ ಆಟದಿಂದ ಹೊರಗೆ ಬಂದರೆ ಅಪ್ಪಯ್ಯನ ಐಕಾನ್ ಇಟ್ಟಲ್ಲೇ ಇರುತ್ತದೆ.

ಮೂರನೆಯ ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಪುಟ್ಟಿಯ ಕ್ಲಾಸಿನಲ್ಲಿ ಟೀಚರ್ ಧ್ವನಿ ತುಂಡು ತುಂಡಾಗಿ ಬರುತ್ತಿತ್ತು. ಎಲ್ಲರೂ ನೆಟ್‌ವರ್ಕಿಗೆ ಬೈದೆವು. ಆ ಮಳೆಗಾಲದಲ್ಲಿ ನಮ್ಮ ಕಡೆಯ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದುಕೊಂಡು ಕ್ಲಾಸ್ ಕೇಳುತ್ತಿದ್ದರು. ಹಾಗಾಗಿ ಬೇರೆ ಕಾರಣ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಒಂದು ದಿನ ಸುಮ್ನೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ನನ್ನ ಆಟ ಹಿಂದೆ ತೆರೆದಿತ್ತು. ಪುಟ್ಟಿ ಅದನ್ನು ಪಾಝ್ ಮಾಡಿ, ಅಂದರೆ ತಡೆದು ನಿಲ್ಲಿಸಿಯೇ, ಕ್ಲಾಸಿಗೆ ಕೂತಿದ್ದಳು. ಆದರೂ ಅದು ಸಿಪಿಯುವಿನ, ಅಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್‌ನ, 50 ಪ್ರತಿಶತ ತಿನ್ನುತ್ತಿತ್ತು. ನಮ್ಮದು ಎರಡು ಕೋರ್‌ನ, ಅಂದರೆ ಒಟ್ಟಿಗೆ ಎರಡು ಕೆಲಸ ಮಾಡಬಲ್ಲ, ಮಷಿನ್. ಅಂದರೆ ಒಂದು ಕೋರ್ ಪೂರ್ತಿ ಆಟದ ಪಾಲು. ಉಳಿದ ಒಂದರಲ್ಲೇ ವಿಡಿಯೊ, ಧ್ವನಿ, ವಿಂಡೋಸ್ ಎಲ್ಲ ಸಾಗಬೇಕಿತ್ತು.

ಪೈಗೇಮ್‌ನಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಕಾಯಲು ಎರಡು ದಾರಿ ಇದೆ. ಒಂದು ‘ಟಿಕ್’, ಇನ್ನೊಂದು ‘ಟಿಕ್ ಬಿಝಿ ಲೂಪ್’. ಎರಡನೆಯದು ಹೆಚ್ಚು ನಿಖರ ಅಂತ ಓದಿ ಅದನ್ನೇ ಹಾಕಿದ್ದೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರನ್ನು ನೆನೆಸಿಕೊಳ್ಳಿ. ಒಬ್ಬರು ಬೆಂಚಿನ ಮೇಲೆ ಕೂತು, ಬಸ್ ಬಂದಾಗ ಏಳುತ್ತಾರೆ. ಇನ್ನೊಬ್ಬರು ಒಂದು ಕ್ಷಣವೂ ಬಿಡದೆ ಕೌಂಟರಿನಲ್ಲಿ ‘ಬಂತಾ, ಬಂತಾ’ ಅಂತ ಕೇಳುತ್ತಲೇ ಇರುತ್ತಾರೆ. ಬಿಝಿ ಲೂಪ್ ಎರಡನೆಯವರ ಹಾಗೆ. ಮರ ದಾಟುವ ಆಟಕ್ಕೆ ಅಷ್ಟು ನಿಖರತೆಯ ಅಗತ್ಯವೇ ಇರಲಿಲ್ಲ. ‘ಟಿಕ್’ಗೆ ಬದಲಾಯಿಸಿದೆ. ಪಾಝ್ ಆದಾಗ ಅದೂ ಬೇಡ ಅಂತ, ಏನಾದರೂ ಸಂದೇಶ ಬರುವವರೆಗೆ ನಿದ್ದೆ ಮಾಡುವ ‘ವೇಟ್’ ಹಾಕಿದೆ. ಆಟ ಹಿಂದೆ ಹೋದ ಕೂಡಲೇ ಸಿಪಿಯು ಸೊನ್ನೆಗೆ ಇಳಿಯಿತು. ಮರುದಿನ ಟೀಚರ್ ಹೇಳಿದ ಮಗ್ಗಿ ಅಡುಗೆಮನೆವರೆಗೂ ಸ್ಪಷ್ಟವಾಗಿ ಕೇಳಿತು. ಅಷ್ಟು ದಿನ ಮಗುವಿನ ಪಾಠ ಕೆಡಿಸಿದ್ದು ನನ್ನ ಒಂದು ಸಾಲು ಅಂತ ಅತ್ತಿಗೆಗೆ ಹೇಳಿದೆ. ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ.

ಹೀಗೆ ಒಂದೊಂದೇ ಸರಿಮಾಡುತ್ತಿದ್ದಾಗ ಕುಮಟಾದ ನನ್ನ ಹಿರಿಯ ಗೆಳೆಯರಿಗೆ ಫೋನ್ ಮಾಡಿದೆ. ಮುಂಬೈನಲ್ಲಿ ಬಹಳ ವರ್ಷ ಪ್ರೋಗ್ರಾಂ ಬರೆದು, ಈಗ ಘಟ್ಟದ ಕೆಳಗೆ ಬಂದು ನೆಲೆಸಿದವರು. ಅವರಿಗೆ ನನ್ನ ಕೆಲಸ ಸ್ವಲ್ಪವೂ ಇಷ್ಟವಾಗಲಿಲ್ಲ.

‘ಆಟ ಅಂದ್ರೆ ಪೂರ್ತಿ ಮಷಿನ್ ಹಿಡೀಬೇಕು ಮಾರಾಯ್ತಿ. ಅರ್ಧ ಮನಸ್ಸಿನ ಆಟ ಎಂಥದ್ದು?’ ಅಂದರು.

ಅವರು ಹಾಗೆ ಅನ್ನುವುದಕ್ಕೆ ಕಾರಣ ಇದೆ. 80ರ ದಶಕದ ಕೊನೆಯಲ್ಲಿ ಅವರ ಸಂಬಂಧಿಕರೊಬ್ಬರು ಹೊರದೇಶದಿಂದ ಅಮಿಗಾ 500 ತಂದಿದ್ದರಂತೆ. ಕಮೊಡೋರ್ ಕಂಪನಿಯ ಮನೆ ಕಂಪ್ಯೂಟರ್ ಅದು. ಮೊದಲ ಅಮಿಗಾ ಬಂದದ್ದು 1985ರಲ್ಲಿ. ಆಗ ವಿಂಡೋಸ್‌ಗಿಂತ ಹಳೆಯ ಡಾಸ್ ಓಡುವ ಪಿಸಿಗಳಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಯುತ್ತಿತ್ತು. ಅಮಿಗಾ ಮಾತ್ರ ಮೊದಲ ದಿನದಿಂದಲೇ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುತ್ತಿತ್ತು. ಯಾರ ಸರದಿ ಯಾವಾಗ ಎಂದು ವ್ಯವಸ್ಥೆಯೇ ಹಂಚುತ್ತಿತ್ತು. ಅದರ ತಿರುಳನ್ನು ಬರೆದವರು ಕಾರ್ಲ್ ಸಾಸೆನ್‌ರಾತ್. ಗೆಳೆಯರ ಮಾತು ಕೇಳಿದ ಮೇಲೆ ನಾನು ಲ್ಯಾಪ್‌ಟಾಪಿನಲ್ಲಿ ಅಮಿಗಾದ ಹಾಗೇ ನಡೆಯುವ ಎಮ್ಯುಲೇಟರ್ ಹಾಕಿ ನೋಡಿದೆ. ಒಂದು ಪ್ರೋಗ್ರಾಂನ ಪರದೆಯನ್ನು ಮೌಸಿನಿಂದ ಹಿಡಿದು ಕೆಳಗೆ ಎಳೆದರೆ, ಹಿಂದಿರುವ ಇನ್ನೊಂದು ಪರದೆ ಕಾಣುತ್ತದೆ. ಬಾಗಿಲ ಪರದೆ ಸರಿಸಿ ಒಳಮನೆ ನೋಡಿದ ಹಾಗೆ. ಎರಡೂ ಪರದೆಗಳ ರೆಸಲ್ಯೂಶನ್ ಬೇರೆ ಬೇರೆ ಇದ್ದರೂ ನಡೆಯುತ್ತದೆ! ಅಷ್ಟು ಹಿಂದೆ ಇದನ್ನು ಯೋಚಿಸಿದವರ ಮೇಲೆ ನನಗೆ ತುಂಬಾ ಗೌರವ ಹುಟ್ಟಿತು.

ಆದರೆ ಅದೇ ಅಮಿಗಾದ ಹೆಚ್ಚಿನ ಆಟಗಳು ಈ ವ್ಯವಸ್ಥೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಫ್ಲಾಪಿ ಹಾಕಿ ಮಷಿನ್ ಚಾಲೂ ಮಾಡಿದರೆ ನೇರ ಆಟವೇ ಬರುತ್ತಿತ್ತು. ಚಿತ್ರದ ಚಿಪ್, ಸದ್ದಿನ ಚಿಪ್ ಎಲ್ಲವನ್ನೂ ಆಟವೇ ಕೈಗೆ ತೆಗೆದುಕೊಳ್ಳುತ್ತಿತ್ತು. ಆಟ ಸಾಕಾದರೆ ಮಷಿನ್ ಆರಿಸಬೇಕು, ಅಷ್ಟೇ. ಆ ಕಾಲಕ್ಕೆ ಅದು ಸರಿಯೇ ಇತ್ತು ಅಂತ ನನಗೂ ಅನಿಸುತ್ತದೆ. ಅಮಿಗಾ 500ರಲ್ಲಿ ಇದ್ದದ್ದು 512 ಕೆಬಿ ಮೆಮೊರಿ, ಸುಮಾರು 7 ಮೆಗಾಹರ್ಟ್ಝ್ ಪ್ರೊಸೆಸರ್. ಒಂದು ಫ್ಲಾಪಿಯಲ್ಲಿ 880 ಕೆಬಿ ಹಿಡಿಯುತ್ತಿತ್ತು. ಅಷ್ಟರಲ್ಲಿ ಪರದೆ ತುಂಬ ಚಿತ್ರ ಜಾರಿಸಿ, ಹಾಡು ಹಾಕಿ, ಶತ್ರುಗಳನ್ನು ಓಡಿಸಬೇಕು. ವ್ಯವಸ್ಥೆಗೆ ಬಿಟ್ಟುಕೊಟ್ಟ ಪ್ರತಿ ಕೆಬಿಯೂ ಆಟದಿಂದ ಕಡಿಮೆಯಾಗುತ್ತಿತ್ತು.

ಅಮಿಗಾದಲ್ಲಿ ‘ಫರ್ಬಿಡ್’ ಅಂತ ಒಂದು ಕರೆ ಇದೆ. ಒಂದು ಪ್ರೋಗ್ರಾಂ ಅದನ್ನು ಕರೆದರೆ ಬೇರೆ ಯಾವ ಕೆಲಸಕ್ಕೂ ಸರದಿ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ‘ಪರ್ಮಿಟ್’ ಎಂದು ಬಿಟ್ಟುಕೊಡಬೇಕು. ಗೆಳೆಯರು ಇದನ್ನು ಹೇಳಿದಾಗ ನನಗೆ ಬೇರೆಯೇ ಒಂದು ವಿಷಯ ಕಂಡಿತು. ಹಿಡಿಯುವ ಮಾತಿನ ಜೊತೆಗೇ ಬಿಡುವ ಮಾತನ್ನೂ ಅವರು ಇಟ್ಟಿದ್ದರು. ಬಿಡದೆ ಹೋದದ್ದು ಆಟ ಬರೆದವರು. ಮುಂದೆ ಅದೇ ಅಮಿಗಾದ ಬಳಕೆದಾರರು ಡಬ್ಲ್ಯೂಎಚ್‌ಡಿಲೋಡ್ ಅಂತ ಒಂದು ಸಾಧನ ಕಟ್ಟಿಕೊಂಡರು. ಹಳೇ ಫ್ಲಾಪಿ ಆಟಗಳನ್ನು ಹಾರ್ಡ್‌ಡಿಸ್ಕಿನಿಂದ ಓಡಿಸಿ, ಒಂದು ಕೀಲಿ ಒತ್ತಿ ಮತ್ತೆ ಡೆಸ್ಕ್‌ಟಾಪಿಗೆ ಬರುವುದಕ್ಕೆ. ಆಟ ಬಿಟ್ಟು ಬರಲು ದಾರಿ ಬೇಕು ಅಂತ ಅವರಿಗೂ ಅನಿಸಿತ್ತು.

ಡಾಸ್ ಕಾಲದ ಕೆಲವು ಆಟಗಳಲ್ಲಿ ‘ಬಾಸ್ ಕೀ’ ಇರುತ್ತಿತ್ತು. ಸಾಹೇಬರು ಬಂದರೆ ಆ ಕೀಲಿ ಒತ್ತಬೇಕು. ಪರದೆ ತುಂಬ ಲೆಕ್ಕದ ಪಟ್ಟಿಯ ಚಿತ್ರ ಬರುತ್ತಿತ್ತು. ಬರೀ ಚಿತ್ರ, ಅದರಲ್ಲಿ ಲೆಕ್ಕ ಮಾಡುವ ಹಾಗಿಲ್ಲ. ಇದನ್ನು ಗೆಳೆಯರೇ ನೆನಪಿಸಿದ್ದು. ಆಗ ನಿಜವಾದ ಪಟ್ಟಿ ತೆರೆಯಲು ಮಷಿನ್‌ಗೇ ದಾರಿ ಇರಲಿಲ್ಲ ಸರಿ, ಈಗ ಇದೆಯಲ್ವಾ ಅಂತ ನಾನು ಕೇಳಿದೆ. ನಮ್ಮ ಈ ಹಳೇ ಮಷಿನ್‌ನಲ್ಲೇ 4 ಜಿಬಿ ಮೆಮೊರಿ ಇದೆ. ಅಮಿಗಾ 500ರಲ್ಲಿ ಇದ್ದದ್ದರ 8000ಕ್ಕೂ ಹೆಚ್ಚು ಪಟ್ಟು. ಎಲ್ಲವನ್ನೂ ಹಿಡಿಯಬೇಕಾದ ಬಡತನ ಹೋಗಿದೆ. ಹಿಡಿಯುವ ಅಭ್ಯಾಸ ಮಾತ್ರ ಉಳಿದಿದೆ.

ಅವರು ಸೋಲಲಿಲ್ಲ. ‘ಬಯಲಾಟ ನೋಡುವಾಗ ಯಾರಾದ್ರೂ ಬೇರೆ ಕೆಲ್ಸ ಮಾಡ್ತಾರಾ?’ ಅಂತ ಕೇಳಿದರು. ಫೋನ್ ಸ್ಪೀಕರಿನಲ್ಲಿತ್ತು. ಬತ್ತಿ ಹೊಸೆಯುತ್ತಿದ್ದ ಆಯಿ ಅಲ್ಲಿಂದಲೇ ಉತ್ತರ ಕೊಟ್ಟಳು. ರಾತ್ರಿಯಿಡೀ ಆಟ ನೋಡಿದವರು ಯಾರೂ ರಾತ್ರಿಯಿಡೀ ಕೂತು ನೋಡಿಲ್ಲ ಅಂತ. ನಡುವೆ ಎದ್ದು ಚಾ ಕುಡಿದು ಬರುತ್ತಾರೆ. ಮಗುವನ್ನು ಮಲಗಿಸುತ್ತಾರೆ. ಒಂದು ನಿದ್ದೆ ತೆಗೆದು, ಚಂಡೆ ಏರಿದಾಗ ಏಳುತ್ತಾರೆ. ಅದಕ್ಕಾಗಿ ಆಟದ ರುಚಿ ಕಡಿಮೆಯಾಗಿದೆಯಾ? ಗೆಳೆಯರು ಕೆರೆಮನೆ ಯಕ್ಷಗಾನ ಮೇಳದ ಆಟಗಳನ್ನು ಹುಡುಗರಾಗಿದ್ದಾಗಿನಿಂದ ನೋಡಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು ಮಾರಾಯ್ತಿ’ ಅಂದರು. ಆದರೆ ಕೂಡಲೇ ಸೇರಿಸಿದರು. ‘ಎದ್ದು ಹೋದವರಿಗಾಗಿ ಭಾಗವತರು ಪದ ನಿಲ್ಸುದಿಲ್ಲ. ನಿನ್ನ ಆಟ ನಿಲ್ತದಾ, ನಡೀತದಾ?’

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಮರ ದಾಟುವ ಭಾಗದಲ್ಲಿ ಅನುಮಾನವೇ ಇಲ್ಲ, ನಿಲ್ಲಲೇಬೇಕು. ಆದರೆ ನಿಲ್ಲಿಸುವುದೂ ಅಷ್ಟು ಸಲೀಸಲ್ಲ ಅಂತ ಆಗ ತಿಳಿಯಿತು. ಮೊದಲ ಸಲ ಆಟ ಹಿಂದೆ ಹೋಗಿ ಐದಾರು ನಿಮಿಷ ಬಿಟ್ಟು ಬಂದಾಗ, ಕೊನೆಗೌಡ ಒಂದೇ ಏಟಿಗೆ ನೆಲ ತೂರಿಕೊಂಡು ಮಾಯವಾದ. ಪ್ರತಿ ಚಿತ್ರಕ್ಕೂ ‘ಕಳೆದ ಸಲದಿಂದ ಎಷ್ಟು ಹೊತ್ತಾಯಿತು’ ಎಂದು ಕೇಳಿ ಅಷ್ಟು ದೂರ ಅವನನ್ನು ಸರಿಸುತ್ತಿದ್ದೆ. ಸಾಮಾನ್ಯವಾಗಿ ಉತ್ತರ 16 ಮಿಲಿಸೆಕೆಂಡ್. ವಾಪಸ್ ಬಂದಾಗ ಬಂದ ಉತ್ತರ 3,40,000. ಐದಾರು ನಿಮಿಷದ ಬೀಳುವಿಕೆ ಒಂದೇ ಚಿತ್ರದಲ್ಲಿ ಆಯಿತು. ಈಗ 50ಕ್ಕಿಂತ ಜಾಸ್ತಿ ಉತ್ತರ ಬಂದರೆ 50 ಅಂತಲೇ ಹಿಡಿಯುತ್ತದೆ.

ಇನ್ನೊಂದು, ಎಡಕ್ಕೆ ಹೋಗುವ ಕೀಲಿ ಒತ್ತಿಕೊಂಡೇ ಆಲ್ಟ್-ಟ್ಯಾಬ್ ಮಾಡಿದರೆ, ವಾಪಸ್ ಬಂದ ಮೇಲೆ ಯಾರೂ ಮುಟ್ಟದೆ ಅವನು ಎಡಕ್ಕೆ ಹೋಗುತ್ತಲೇ ಇದ್ದ. ಕೀಲಿ ಬಿಟ್ಟ ಸಂದೇಶ ಬಂದಾಗ ಆಟ ಪಾಝ್‌ನಲ್ಲಿತ್ತು. ಪಾಝ್‌ನಲ್ಲಿ ಬಂದ ಕೀಲಿಗಳನ್ನೆಲ್ಲ ನಾನು ಎಸೆಯುತ್ತಿದ್ದೆ. ಈಗ ಆಟ ಹಿಂದೆ ಸರಿಯುವಾಗಲೇ ಎಲ್ಲ ಕೀಲಿಗಳನ್ನೂ ಬಿಟ್ಟಂತೆ ಗುರುತು ಹಾಕುತ್ತೇನೆ. ವಾಪಸ್ ಬಂದ ಕೂಡಲೇ ಆಟ ಶುರುವಾದರೆ ಪುಟ್ಟಿಗೆ ಕೈ ಕೂರುತ್ತಿರಲಿಲ್ಲ. ಹತ್ತರಲ್ಲಿ ಏಳು ಸಲ ಬಿದ್ದಳು. ಅದಕ್ಕೆ ಮೂರು ಎಣಿಸಿ ಶುರುಮಾಡುವ ಹಾಗೆ ಮಾಡಿದೆ. ಅವಳೇ ತನ್ನ ಧ್ವನಿಯಲ್ಲಿ ‘ಮೂರು, ಎರಡು, ಒಂದು’ ಅಂತ ರೆಕಾರ್ಡ್ ಮಾಡಿಕೊಟ್ಟಳು.

ಕಷ್ಟವಾದದ್ದು ಅಂಗಳ. ಹರವಿದ ಅಡಿಕೆ ಒಣಗಲು ಆಟದಲ್ಲಿ ಹತ್ತು ನಿಮಿಷ ಬೇಕು. ಆಟ ಹಿಂದೆ ಹೋದಾಗಲೂ ಅದು ಒಣಗುತ್ತಾ ಇರಬಹುದಲ್ವಾ? ಪುಟ್ಟಿ ಕ್ಲಾಸ್ ಮುಗಿಸಿ ಬರುವಷ್ಟರಲ್ಲಿ ಒಣಗಿದ ಚಾಲಿ ಅಡಿಕೆ ತಯಾರು. ಕೇಳಲು ಚೆನ್ನಾಗಿದೆ. ಹಾಗೆಯೇ ಬರೆದೆ. ಎರಡನೇ ದಿನ ಅವಳು ಕಣ್ಣು ತುಂಬಿಕೊಂಡು ಬಂದಳು. ಗಣಿತದ ಕ್ಲಾಸಿನಲ್ಲಿದ್ದಾಗ ಆಟದಲ್ಲಿ ಮಳೆ ಬಂದು ಎಲ್ಲಾ ಅಡಿಕೆ ನೆನೆದಿತ್ತು. ಬೇಸರ ಅಷ್ಟಕ್ಕೇ ನಿಲ್ಲಲಿಲ್ಲ. ಆಮೇಲಿನ ಕ್ಲಾಸುಗಳಲ್ಲಿ ಅವಳ ಮನಸ್ಸು ಅಂಗಳದಲ್ಲೇ ಇತ್ತು. ನಡುನಡುವೆ ಆಲ್ಟ್-ಟ್ಯಾಬ್ ಒತ್ತಿ ಮೋಡ ನೋಡಿ ಬರುತ್ತಿದ್ದಳು. ಆಟ ಪರದೆಯಿಂದ ಸರಿದಿತ್ತು, ಅವಳ ತಲೆಯಿಂದ ಸರಿದಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದರ ಮಾತು ಬಂತು. ಅಪ್ಪಯ್ಯ ಹೇಳಿದ. ‘ಅಂಗಳದ ಅಡಿಕೆ ಯಾರಿಗೂ ಕಾಯ್ತಿಲ್ಲೆ ತಂಗೀ. ಅದೇ ಖರೆ.’

ಅವನ ಮಾತು ನಿಜ. ಕೊಳೆರೋಗಕ್ಕೆ ಮದ್ದು ಹೊಡೆಯಲು ಮಳೆ ಬಿಡುವ ಒಂದು ದಿನಕ್ಕಾಗಿ ಇಡೀ ಆಷಾಢ ಕಾದವನು ಅವನು. ಕೃಷಿಯ ಆಟ ಅಂದಮೇಲೆ ಆ ಅವಸರ ಇರಬೇಕು ಅನ್ನುವುದರಲ್ಲಿ ನ್ಯಾಯ ಇದೆ. ಆದರೂ ನಾನು ಒಪ್ಪಲಿಲ್ಲ. ನಿಜವಾದ ಅಂಗಳದಲ್ಲಿ ಮಳೆ ಬಂದರೆ ಮನೆಯವರೆಲ್ಲ ಓಡುತ್ತೇವೆ. ಆಯಿ ಒಲೆ ಬಿಟ್ಟು ಬರುತ್ತಾಳೆ, ದಾರಿಯಲ್ಲಿ ಹೋಗುವವರೂ ಕೈ ಹಾಕುತ್ತಾರೆ. ಆಟದ ಅಂಗಳಕ್ಕೆ ಪುಟ್ಟಿ ಒಬ್ಬಳೇ. ಅವಳು ಪಾಠ ಕೇಳುತ್ತಿದ್ದಾಳೆ ಎನ್ನುವ ಕಾರಣಕ್ಕೆ ಅವಳ ಅಡಿಕೆ ನೆನೆಯಬಾರದು. ಮರುದಿನ ಆ ಭಾಗ ಅಳಿಸಿದೆ. ಆಟ ಹಿಂದೆ ಹೋದರೆ ಬಿಸಿಲೂ ನಿಲ್ಲುತ್ತದೆ, ಮೋಡವೂ ನಿಲ್ಲುತ್ತದೆ. ಫೋನಿನ ಎಷ್ಟೋ ಆಟಗಳು ನಾವು ಇಲ್ಲದಾಗಲೂ ನಡೆಯುತ್ತಾ, ‘ಬೆಳೆ ಕೊಯ್ಲಿಗೆ ಬಂತು’ ಅಂತ ಮತ್ತೆ ಮತ್ತೆ ಕರೆಯುತ್ತವೆ. ಮಕ್ಕಳ ಗಮನವನ್ನು ಹೀಗೆ ಎಳೆಯುವುದು ನನಗೆ ತಪ್ಪಾಗಿ ಕಾಣುತ್ತದೆ. ಈ ವಿಷಯದಲ್ಲಿ ನಾನು ರಾಜಿಯಾಗಲಾರೆ.

ಜುಲೈ 23ರ ಸುಮಾರಿಗೆ ಮಳೆ ವಿಪರೀತವಾಯಿತು. ಗಂಗಾವಳಿ ಉಕ್ಕಿತು. ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ ಹೋದವು. ನಮ್ಮಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದು ಆಟ ತೆರೆದಾಗ ಪುಟ್ಟಿಯ ಉಳಿಸಿದ ಕಡತ ಸೊನ್ನೆ ಬೈಟ್ ಆಗಿತ್ತು. ಬರೆಯುವ ನಡುವೆಯೇ ಕರೆಂಟ್ ಹೋಗಿತ್ತು. ಕಳಚೆಯ ಸುದ್ದಿ ಕೇಳಿದ ಆ ದಿನಗಳಲ್ಲಿ ಇದನ್ನು ನಷ್ಟ ಅಂತ ಕರೆಯಲೂ ಮನಸ್ಸಾಗಲಿಲ್ಲ. ಆದರೆ ಸರಿಮಾಡಿದೆ. ಈಗ ಆಟ ಹಿಂದೆ ಸರಿಯುವ ಪ್ರತಿ ಸಲವೂ ತಾನಾಗಿ ಉಳಿಸುತ್ತದೆ. ಮೊದಲು ಬೇರೆ ಹೆಸರಿನ ಕಡತಕ್ಕೆ ಪೂರ್ತಿ ಬರೆದು, ಆಮೇಲೆ ಹಳೇ ಕಡತದ ಜಾಗಕ್ಕೆ ಅದನ್ನು ಕೂರಿಸುತ್ತದೆ. ನಡುವೆ ಕರೆಂಟ್ ಹೋದರೂ ಹಳೆಯದಾದರೂ ಕೈಲಿರುತ್ತದೆ. ಅಪ್ಪಯ್ಯನಿಗೂ ವರದಿ ಬರೆಯುವಾಗ ಪ್ರತಿ ಪ್ಯಾರಾಕ್ಕೆ ಕಂಟ್ರೋಲ್-ಎಸ್ ಒತ್ತುವುದು ರೂಢಿಯಾಗಿದೆ.

ಸದ್ದಿನ ವಿಷಯ ಸಣ್ಣದು. ಆಟ ಹಿಂದೆ ಹೋದರೆ ಅದರ ಸದ್ದೂ ನಿಲ್ಲುತ್ತದೆ. ಆಟದ ಹಾಡನ್ನು ಬೇರೆಯಾಗಿ ಆರಿಸಲು ಒಂದು ಗುಂಡಿ ಕೊಟ್ಟೆ, ಗಾಳಿಯ ಸದ್ದು ಮಾತ್ರ ಉಳಿಯುವ ಹಾಗೆ. ಈ ಗುಂಡಿ ಯಾರಿಗೆ ಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಅದು ಬೇಕಾದದ್ದು ಆಯಿಗೆ. 2022ರ ಫೆಬ್ರವರಿಯ ಹೊತ್ತಿಗೆ ನನ್ನ ಪಟ್ಟಿಯಲ್ಲಿದ್ದ ಎಲ್ಲ ಕೆಲಸ ಮುಗಿದಿತ್ತು. ಪುಟ್ಟಿ ಮತ್ತೆ ಶಾಲೆಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಮಾಳಿಗೆಯಿಂದ ಇಳಿದು ಬಂದರೆ, ಆಯಿ ತಾಳಮದ್ದಳೆ ಹಾಕಿಕೊಂಡು ಅಂಗಳದಲ್ಲಿ ಅಡಿಕೆ ಹರವುತ್ತಿದ್ದಳು. ಆಟದ ಅಂಗಳದಲ್ಲಿ. ಅರ್ಥಧಾರಿಗಳ ವಾದ ಜೋರಾದಾಗ ಕೈ ನಿಲ್ಲಿಸುತ್ತಿದ್ದಳು. ಪದ ಬಂದಾಗ ಮತ್ತೆ ಮೌಸ್ ಹಿಡಿಯುತ್ತಿದ್ದಳು. ನನ್ನನ್ನು ನೋಡಿ ಒಂದೇ ದೂರು ಹೇಳಿದಳು. ತಾಳಮದ್ದಳೆಯ ವಿಂಡೋವನ್ನು ಒಮ್ಮೆ ಮುಟ್ಟಿದರೆ ಸಾಕು, ಆಟ ನಿಂತುಬಿಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡಾಗ ಅದೇಕೆ ನಿಲ್ಲಬೇಕು, ಕಣ್ಣೆದುರೇ ಇದೆಯಲ್ಲ ಅಂತ.

ಅವಳು ಹೇಳಿದ್ದು ಸರಿ. ನಾನು ‘ಹಿಂದೆ ಹೋಯಿತು’ ಮತ್ತು ‘ಕಾಣುತ್ತಿಲ್ಲ’ ಎರಡನ್ನೂ ಒಂದೇ ಅಂದುಕೊಂಡಿದ್ದೆ. ಪಕ್ಕದಲ್ಲಿ ಕಾಣುತ್ತಿರುವಾಗ ಮರದ ಆಟ ನಿಲ್ಲಬೇಕು, ಏಕೆಂದರೆ ಅಲ್ಲಿ ಕೀಲಿ ಬೇಕು. ಅಂಗಳ ನಿಲ್ಲಬೇಕಾಗಿಲ್ಲ. ಆದರೆ ಮೋಡ ಬಂದರೆ? ಆಯಿಯನ್ನೇ ಕೇಳಿದೆ. ಬತ್ತಿಯ ಬುಟ್ಟಿ ಪಕ್ಕಕ್ಕೆ ಸರಿಸಿ, ಸ್ವಲ್ಪ ಯೋಚಿಸಿ ಹೇಳಿದಳು. ‘ಮೋಡ ಬಂದ್ರೆ ಒಂದು ಗುಡುಗು ಹಾಕು. ನಾ ನೋಡ್ತೆ.’

ಆ ಗುಡುಗನ್ನು ನಮ್ಮ ಮನೆಯ ಮಾಡಿನ ಕೆಳಗೇ ನಿಂತು ರೆಕಾರ್ಡ್ ಮಾಡಿದೆ, ಮುಂದಿನ ಮಳೆಗಾಲ ಬಂದ ಮೇಲೆ.